ಮಳೆಗಾಲದಲ್ಲಿ ಮದ್ದಿನ ಬೀರು ರಿಪೇರಿ: ಬಾಳ್ಳುಪೇಟೆ ಮನೆಯ ಎಂಟು ತಿಂಗಳ ಲೆಕ್ಕ

ಮೇ 26, 2024, ಭಾನುವಾರ

ಮೊದಲ್ನೇ ಮಳೆಗೆ ನೆನೆದು ಅತ್ತೆಗೆ ಗಂಟ್ಲು ಕಟ್ಟಿತ್ತು. ಬೆಳಿಗ್ಗೆ ಐದೂವರೆಗೇ ಎದ್ದು ತಾವೇ ಶುಂಠಿ ಕಾಫಿ ಮಾಡ್ಕೊಂಡು ಕುಡಿದಿದಾರೆ, ನಾನು ಆರು ಗಂಟೆಗೆ ಎದ್ದು ಬರೋ ಹೊತ್ತಿಗೆ ಹಿತ್ಲು ಬಾಗ್ಲಲ್ಲಿ ಕೂತ್ಕೊಂಡು ವಾಂತಿ ಮಾಡ್ತಿದ್ರು. ನಾಕು ಸಲ ಆಯ್ತು. ಕೈಕಾಲೆಲ್ಲ ತಣ್ಣಗೆ. ನಮ್ಮನೆಯವ್ರು ಜೀಪ್ ತೆಗೆದು ಸಕಲೇಶಪುರಕ್ಕೆ ಕರ್ಕೊಂಡು ಹೋದ್ರು, ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ ಸಂಜೆಗೆ ಮನೆಗೆ ಕಳ್ಸಿದ್ರು. ನಾನು ಇಲ್ಲಿ ಅಡಿಗೆಮನೇಲಿ ಕಾಫಿ ಲೋಟ ಮೂಸಿ ನೋಡ್ತೀನಿ, ಶುಂಠಿ ವಾಸನೇನೇ ಇಲ್ಲ, ಬಜೆ ವಾಸನೆ. ಹಾರ್ಲಿಕ್ಸ್ ಬಾಟ್ಲಿ, ಅದೇ ಸೈಜು, ಅದೇ ಹಳದಿ ಮುಚ್ಚಳ, ಅದೇ ಮಣ್ಣು ಬಣ್ಣದ ಪುಡಿ, ಎರಡೂ ಅಕ್ಕಪಕ್ಕ. ಯಾವುದ್ರ ಮೇಲೂ ಹೆಸ್ರಿಲ್ಲ. ಒಂದು ಟೀ ಚಮಚ ಬಜೆ ಪುಡಿ ಹೊಟ್ಟೆಗೆ ಹೋದ್ರೆ ವಾಂತಿ ಆಗ್ದೆ ಇನ್ನೇನಾಗುತ್ತೆ.

ಅತ್ತೆ ಬಂದು ಮಲಗಿದಾಗ್ಲೂ ಹೇಳ್ತಿದ್ರು, "ಅದು ಶುಂಠಿನೇ ಕಣವ್ವ, ನಾನೇ ತುಂಬ್ಸಿಟ್ಟಿದ್ದು." ಅವರಿಗೆ 74 ವರ್ಷ, ಎಡಗಣ್ಣಿಗೆ ಪೊರೆ ಬಂದಿದೆ. ಇಡೀ ಬೀದಿಗೆ ಮದ್ದು ಕೊಟ್ಟ ಕೈ ಅದು. ತಪ್ಪು ಅವರದ್ದಲ್ಲ, ನನ್ನದು. ಹದಿನೇಳು ವರ್ಷದಿಂದ ಆ ಬೀರು ನೋಡ್ತಾನೇ ಇದೀನಿ, ಒಂದು ಚೀಟಿ ಅಂಟಿಸ್ಲಿಲ್ಲ.

ಅವತ್ತಿಂದ ಶುರು ಮಾಡಿದ ಕೆಲ್ಸ ಇದು. ಎಲ್ಲೆಲ್ಲಿ ಎಡವಿದೆ ಅನ್ನೋದೇ ಜಾಸ್ತಿ ಇದೆ, ಮಲೆನಾಡಲ್ಲಿ ಇದೇ ಕೆಲ್ಸಕ್ಕೆ ಕೈ ಹಾಕೋರಿಗೆ ಆ ಭಾಗವೇ ಬೇಕಾಗುತ್ತೆ ಅಂತ ಬಿಡ್ದೆ ಬರ್ದಿದೀನಿ.

ಮೇ 28. ಎಲ್ಲಾ ಸುರಿದು ನೋಡಿದ್ದು

ಜಗಲಿ ಮೇಲೆ ಹಳೇ ಪಂಚೆ ಹಾಸಿ ಬೀರು ಪೂರ್ತಿ ಖಾಲಿ ಮಾಡಿದ್ವಿ. ಒಟ್ಟು 71 ಡಬ್ಬ ಬಾಟ್ಲಿ. ಹೆಸ್ರು ಇದ್ದಿದ್ದು 29ಕ್ಕೆ. ಅತ್ತೆ ಮೂಸಿ, ನಾಲ್ಗೆಗೆ ಸೋಕಿಸದೆ ಬರೀ ಮೂಸಿ ಮತ್ತೆ ಬೆರಳಲ್ಲಿ ಉಜ್ಜಿ, ಇನ್ನೂ 24 ಗುರುತು ಹಿಡಿದ್ರು. ಆಡುಸೋಗೆ, ಗರುಗದ ಸೊಪ್ಪು, ನೆಲನೆಲ್ಲಿ, ಅಳಲೆಕಾಯಿ ಸಿಪ್ಪೆ, ಲಾವಂಚದ ಬೇರು, ಹಿಪ್ಪಲಿ. ಉಳಿದ 18 ಏನಂತ ಅವರಿಗೂ ಗೊತ್ತಾಗ್ಲಿಲ್ಲ. ಆ ಹದಿನೆಂಟನ್ನೂ ಅವತ್ತೇ ಕಾಫಿ ತೋಟದ ಗುಂಡಿಗೆ ಹಾಕಿದ್ವಿ. ಅತ್ತೆಗೆ ಹೊಟ್ಟೆ ಉರೀತು, ಅದರಲ್ಲಿ ಒಂದು ಅವರ ತವರಿಂದ ಬಂದಿದ್ದು ಅಂತ ಮಾತ್ರ ನೆನಪಿತ್ತು, ಏನಂತ ನೆನಪಿರ್ಲಿಲ್ಲ.

ಹೆಸ್ರು ಗೊತ್ತಿರೋದ್ರಲ್ಲೂ 15 ಕೆಟ್ಟು ಹೋಗಿತ್ತು. ಅಶ್ವಗಂಧದ ಬೇರು ಪೂರ್ತಿ ಕುಟ್ಟೆ ಹಿಡಿದಿತ್ತು, ಸೂಜಿ ಚುಚ್ಚಿದ ಹಂಗೆ ತೂತು, ಅಲ್ಲಾಡ್ಸಿದ್ರೆ ಹಿಟ್ಟು ಉದುರುತ್ತೆ. ಒಣಗ್ಸಿದ ತುಳಸಿ ಡಬ್ಬದ ತಳದಲ್ಲಿ ಬೂಷ್ಟು, ಮೇಲ್ಗಡೆ ಚೆನ್ನಾಗೇ ಕಾಣ್ತಿತ್ತು, ಕೈ ಹಾಕಿದ್ರೆ ಕೆಳಗೆ ಉಂಡೆ ಕಟ್ಟಿ ಬೂದಿ ಬಣ್ಣ. ಮೇಲಿಂದ ನೋಡಿ ಚೆನ್ನಾಗಿದೆ ಅಂತ ವರ್ಷಾನುಗಟ್ಟಲೆ ಅದನ್ನೇ ಕಷಾಯಕ್ಕೆ ಹಾಕ್ತಿದ್ವಿ ಅಂತ ನೆನೆಸ್ಕೊಂಡ್ರೆ ಈಗ್ಲೂ ಒಂಥರಾ ಆಗುತ್ತೆ. ಡಬ್ಬ ತಲೆಕೆಳಗೆ ಸುರಿದು ನೋಡದೆ ಯಾವುದನ್ನೂ ನಂಬ್ಬೇಡಿ.

ಉಳಿದಿದ್ದು 38.

ಜೂನ್ 2. ಹಾಸನ

ಬೀರಲ್ಲಿರೋದ್ರ ಪಟ್ಟಿ ಬರ್ಕೊಂಡು ಹಾಸನಕ್ಕೆ ಹೋದೆ. ಮೊದ್ಲು ಕಟ್ಟಿನಕೆರೆ ಮಾರ್ಕೆಟ್ ಹತ್ರ ಗ್ರಂಧಿಗೆ ಅಂಗಡಿ, ಅಲ್ಲಿ ಒಣಶುಂಠಿ, ಜೇಷ್ಠಮಧು, ಲವಂಗ, ಹಿಪ್ಪಲಿ ಹೊಸದಾಗಿ ತಗೊಂಡೆ. ಪುಡಿ ತಗೊಳ್ಳಿಲ್ಲ, ಎಲ್ಲಾ ಇಡೀದೇ. ಪುಡಿ ಆದ್ಮೇಲೆ ಅದ್ರಲ್ಲಿ ಏನು ಬೆರೆತಿದೆ ಅಂತ ಯಾರಿಗೂ ಹೇಳಕ್ಕಾಗಲ್ಲ, ಬಜೆ ಕಾಫಿ ಆದ್ಮೇಲೆ ನನಗೆ ಪುಡಿ ಅಂದ್ರೇ ಭಯ.

ಆಮೇಲೆ ಪರಿಚಯದ ಆಯುರ್ವೇದ ಡಾಕ್ಟ್ರ ಹತ್ರ ಪಟ್ಟಿ ಇಟ್ಟೆ. ಅವರು ಒಂದೊಂದಕ್ಕೂ ಪೆನ್ನಲ್ಲಿ ಗುರುತು ಹಾಕಿ ಕೊಟ್ರು, ನಮ್ಮನೇಲಿ ಯಾರ್ಯಾರು ಏನೇನು ಮಾತ್ರೆ ತಗೋತಾರೆ ಅಂತ ಕೇಳಿ. ಇದನ್ನ ಮೊದ್ಲೇ ಮಾಡ್ಬೇಕಿತ್ತು. ಮಾವನಿಗೆ ಹಾರ್ಟಿಗೆ ರಕ್ತ ತೆಳುವಾಗೋ ಮಾತ್ರೆ ಇದೆ, ಅವರಿಗೆ ಶುಂಠಿ ಅರಿಶಿನ ಅಡಿಗೇಲಿ ಇರೋಷ್ಟು ಸಾಕು, ಮದ್ದಿನ ಲೆಕ್ಕದಲ್ಲಿ ಗಟ್ಟಿಯಾಗಿ ಕೊಡ್ಬೇಡಿ ಅಂದ್ರು. ಅತ್ತೆಗೆ ಬಿಪಿ, ಅವರಿಗೆ ಜೇಷ್ಠಮಧು ಬೇಡ, ಅದು ಬಿಪಿ ಏರ್ಸುತ್ತೆ, ಪೊಟ್ಯಾಸಿಯಂ ಇಳ್ಸುತ್ತೆ. ಅತ್ತೆ ಕೆಮ್ಮು ಬಂದಾಗೆಲ್ಲ ಬಾಯಲ್ಲಿ ಇಟ್ಕೊಂಡು ಚೀಪೋದು ಅದನ್ನೇ. ಆಡುಸೋಗೆ ಬಸುರಿ ಹೆಂಗಸರಿಗೆ ಕೊಡೋ ಹಾಗಿಲ್ಲ. ಅಮೃತಬಳ್ಳಿ ಕೋವಿಡ್ ಟೈಮಲ್ಲಿ ದಿನಾ ಕುಡಿದು ಲಿವರ್ ತೊಂದ್ರೆ ಆದ ಕೇಸುಗಳನ್ನ ಮುಂಬೈ ಡಾಕ್ಟ್ರುಗಳು 2021ರಲ್ಲಿ ಬರೆದಿದಾರೆ, ಆಯುಷ್ ಮಂತ್ರಾಲಯ ಅದನ್ನ ಒಪ್ಪಿಲ್ಲ, ಆದ್ರೂ ತಿಂಗಳುಗಟ್ಟಲೆ ಯಾರಿಗೂ ಕೊಡ್ಬೇಡಿ ಅಂದ್ರು. ಇನ್ನು ಬಜೆ. ಅದರಲ್ಲಿರೋ ಬೀಟಾ ಅಸರೋನ್ ಅನ್ನೋ ಅಂಶದ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನ ತಿನ್ನೋ ಪದಾರ್ಥದಿಂದ ತೆಗೆದು ಹಾಕಿದಾರಂತೆ. ನಾವಿಲ್ಲಿ ಹಸುಗೂಸಿಗೆ ತೇಯ್ದು ನೆಕ್ಕಿಸ್ತೀವಿ. ನಮ್ಮನೇಲಿ ಇನ್ಮೇಲೆ ಅದು ಇಲ್ಲ ಅಂತ ಅವತ್ತೇ ಗಟ್ಟಿ ಮಾಡ್ಕೊಂಡೆ.

ಟಿಂಚರ್ ವಿಷಯ ಬಂದಿದ್ದೂ ಅಲ್ಲೇ. ಪುಡಿ ಎಲ್ಲಾ ಮಳೆಗಾಲದಲ್ಲಿ ಕೆಡುತ್ತೆ, ಏನ್ ಮಾಡೋದು ಅಂತ ಕೇಳಿದ್ದಕ್ಕೆ, ನಿಮ್ಮನೇಲಿ ದಶಮೂಲಾರಿಷ್ಟದ ಬಾಟ್ಲಿ ಯಾವತ್ತಾದ್ರೂ ಬೂಷ್ಟು ಹಿಡಿದಿದ್ಯಾ ಅಂದ್ರು. ಇಲ್ಲ. ಯಾಕಂದ್ರೆ ಅರಿಷ್ಟ ಹುಳಿ ಬರೋವಾಗ ಅದರಲ್ಲೇ ಆಲ್ಕೋಹಾಲ್ ಹುಟ್ಟುತ್ತೆ, ಅದೇ ಕಾಯುತ್ತೆ. ಟಿಂಚರ್ ಅಂದ್ರೆ ಆಲ್ಕೋಹಾಲನ್ನ ನಾವೇ ಹೊರಗಿಂದ ಹಾಕೋದು. ನಮ್ಮ ಕಡೆ ಟಿಂಚರ್ ಅಂದ್ರೆ ಗಾಯಕ್ಕೆ ಹಚ್ಚೋ ಅಯೋಡಿನ್ ಅಂತಲೇ ಎಲ್ರೂ ತಿಳ್ಕೊಂಡಿರೋದು, ನಾನೂ ಹಂಗೇ ಅಂದ್ಕೊಂಡಿದ್ದೆ.

ಜೂನ್ 9ರಿಂದ 22. ಒಣಗಿಸೋ ಪೆಟ್ಟಿಗೆ

ಟಿಂಚರಿಗಾದ್ರೂ ಎಲೆ ಒಣಗಿರ್ಬೇಕು, ಮಳೆ ಹಿಡಿದ್ಮೇಲೆ ಬಾಳ್ಳುಪೇಟೇಲಿ ಬಟ್ಟೇನೇ ಒಣಗಲ್ಲ. ಹೊರಗಿನ ಗಾಳೀಲಿ ಮೀಟ್ರು ತೋರ್ಸಿದ ತೇವಾಂಶ 94, ಬಿಸಿ 23 ಡಿಗ್ರಿ.

ಮನೇಲಿ ಹಳೇ ಜಾಲರಿ ಬೀರು ಇತ್ತು, ಫ್ರಿಜ್ ಬರೋಕ್ ಮುಂಚೆ ಹಾಲು ಮೊಸ್ರು ಇಡ್ತಿದ್ರಲ್ಲ ಅದು. ನಾಕು ಅಡಿ ಎತ್ತರ, ಎರಡೂಕಾಲು ಅಡಿ ಅಗಲ, ಒಂದೂವರೆ ಅಡಿ ಆಳ. ಸುತ್ತ ಜಾಲರಿಗೆ 4 ಎಂಎಂ ಪ್ಲೈವುಡ್ ಹೊಡೆದೆ. ಒಳಗಿನ ಹಲಗೆ ತೆಗೆದು ರೀಪು ಪಟ್ಟಿಯಲ್ಲಿ ಚೌಕ ಮಾಡಿ ನೈಲಾನ್ ಜಾಲರಿ ಬಡಿದು ನಾಕು ತಟ್ಟೆ ಮಾಡ್ಕೊಂಡೆ. ತಳದಲ್ಲಿ 100 ವ್ಯಾಟಿನ ಎರಡು ಹಳೇ ಥರ ಬಲ್ಬು, ಎಲ್‌ಇಡಿ ಆಗಲ್ಲ ಅದಕ್ಕೆ ಬಿಸಿ ಬರಲ್ಲ. ಮಗನ ಕೆಟ್ಟೋದ ಕಂಪ್ಯೂಟರಿಂದ ತೆಗೆದ ಫ್ಯಾನು, ಅದಕ್ಕೆ 12 ವೋಲ್ಟಿನ ಅಡಾಪ್ಟರ್. ಕೆಳಗೆ ಗಾಳಿ ಒಳಗೆ ಬರೋಕೆ ಒಂದಿಂಚಿನ ಆರು ತೂತು.

ಮೊದಲ್ನೇ ಸಲ, ಜೂನ್ 15ರ ರಾತ್ರಿ. 400 ಗ್ರಾಂ ತುಳಸಿ. ಬಿಸಿ ಹೊರಗೆ ಹೋಗ್ಬಾರ್ದು ಅಂತ ಮೇಲ್ಗಡೆ ಪೂರ್ತಿ ಮುಚ್ಚಿದ್ದೆ. ಬೆಳಿಗ್ಗೆ ಬಾಗ್ಲು ತೆಗೆದ್ರೆ ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಂಗೆ ಆವಿ, ಮೇಲಿನ ಹಲಗೆಯಿಂದ ಹನಿ ತೊಟ್ಟಿಕ್ತಿದೆ, ಎಲೆ ಎಲ್ಲಾ ಬೆಂದು ಕಪ್ಪಾಗಿದೆ. ಒಳಗೆ 46 ಡಿಗ್ರಿ ಇತ್ತು, ತೇವಾಂಶ 91. ಎಲೆಯಿಂದ ಬಿಟ್ಟ ನೀರು ಹೋಗೋಕೆ ದಾರಿನೇ ಇಟ್ಟಿರ್ಲಿಲ್ಲ ನಾನು. ತಲೆ ಮೇಲೆ ಎಂಟು ತೂತು ಕೊರೆದೆ.

ಎರಡ್ನೇ ಸಲ, ಜೂನ್ 18. ಇದು ಭಯಂಕರ. ರಾತ್ರಿ ಎರಡು ಗಂಟೆಗೆ ಸುಟ್ಟ ವಾಸನೆಗೆ ಎಚ್ಚರ ಆಯ್ತು, ಓಡಿ ಹೋಗಿ ಪ್ಲಗ್ ಕಿತ್ತೆ. ಒಣಗಿದ ಎಲೆ ಜಾಲರಿ ತೂತಲ್ಲಿ ಜಾರಿ ಕೆಳಗಿನ ಬಲ್ಬಿನ ಮೇಲೆ ಬಿದ್ದಿದೆ, ಮೂರ್ನಾಕು ಎಲೆ ಸುಟ್ಟು ಕರಕಲಾಗಿ ಗಾಜಿಗೆ ಅಂಟಿತ್ತು, ಪಕ್ಕದ ಮರದ ಪಟ್ಟಿ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಂದು ಕಲೆ. ಮರದ ಪೆಟ್ಟಿಗೆ, ಒಣಗಿದ ಎಲೆ, ಕಾದ ಬಲ್ಬು, ಮೇಲೆ ಮನೆ ಮಂದಿ ಎಲ್ಲಾ ಮಲಗಿದಾರೆ. ಎಣ್ಣೆ ಟಿನ್ ಕತ್ತರಿಸಿ ಬಲ್ಬಿನ ಮೇಲೆ ಒಂದು ಗೇಣು ಬಿಟ್ಟು ಇಳಿಜಾರಾಗಿ ತಗಡು ಕಟ್ಟಿದೆ, ಎಲೆ ಬಿದ್ರೂ ಜಾರಿ ಪಕ್ಕಕ್ಕೆ ಹೋಗುತ್ತೆ. ಬಲ್ಬಿನ ಅಕ್ಕಪಕ್ಕದ ಮರಕ್ಕೂ ತಗಡು ಹೊಡೆದೆ. ಮತ್ತೆ ಅವತ್ತಿಂದ ರಾತ್ರಿ ಹೊತ್ತು ಹಾಕೋದೇ ಇಲ್ಲ, ಬೆಳಿಗ್ಗೆ ಆರಕ್ಕೆ ಹಾಕಿ ನಾನು ಮಲಗೋ ಮುಂಚೆ ಆಫ್.

ಮೂರ್ನೇ ಸಲ, ಜೂನ್ 22. ಕಡ್ಡಿ ಬಿಡ್ಸಿ ಬರೀ ಎಲೆ 500 ಗ್ರಾಂ. 41 ಡಿಗ್ರಿ, ಒಳಗೆ ತೇವಾಂಶ 38ಕ್ಕೆ ಇಳಿದಿತ್ತು, ಹೊರಗೆ ಜಡಿಮಳೆ. ಹದಿನೈದು ತಾಸಿಗೆ 92 ಗ್ರಾಂ ಆಯ್ತು. ಎಲೆ ಹಸ್ರಾಗೇ ಇತ್ತು, ಎರಡು ಬೆರಳಲ್ಲಿ ಒತ್ತಿದ್ರೆ ಹಪ್ಪಳದ ಹಂಗೆ ಪಟ್ ಅಂತು. ಕರೆಂಟು ಹೆಚ್ಚೂಕಮ್ಮಿ ಮೂರು ಯೂನಿಟ್. ಅತ್ತೆ ಒಂದು ಎಲೆ ತಗೊಂಡು ಅಂಗೈಲಿ ತಿಕ್ಕಿ ಮೂಗಿಗೆ ಹಿಡ್ಕೊಂಡು ಸುಮಾರು ಹೊತ್ತು ಹಂಗೇ ನಿಂತಿದ್ರು.

ಜುಲೈ ಕೊನೆ ವಾರ

ಯಡಕುಮರಿ ಹತ್ರ ಗುಡ್ಡದ ಮಣ್ಣು ಜಾರಿ ಮಂಗಳೂರು ರೈಲು ನಿಂತಿತ್ತಲ್ಲ, ಆ ಮಳೆ. ನಮ್ಮಲ್ಲಿ ಮೂರು ದಿನ ಕರೆಂಟೇ ಇಲ್ಲ. ಪೆಟ್ಟಿಗೇಲಿ 600 ಗ್ರಾಂ ಆಡುಸೋಗೆ ಅರ್ಧ ಒಣಗಿತ್ತು. ಹಂಗೇ ಬಿಟ್ರೆ ಬೂಷ್ಟು ಬರುತ್ತೆ ಅಂತ ತಟ್ಟೆ ಸಮೇತ ಸೌದೆ ಒಲೆ ಮೇಲಿನ ಅಟ್ಟಕ್ಕೆ ಏರಿಸ್ದೆ. ಒಣಗೇನೋ ಒಣಗ್ತು, ಆದ್ರೆ ಎಲೆಗೆಲ್ಲ ಹೊಗೆ ಹಿಡಿದು ಕಷಾಯ ಮಾಡಿದ್ರೆ ಸುಟ್ಟ ಸೌದೆ ನೀರು ಕುಡಿದ ಹಂಗೆ. ಪೂರ್ತಿ ಬಿಸಾಕಿದ್ವಿ. ಅಟ್ಟ ಬೇರಿಗೆ, ಗೆಡ್ಡೆಗೆ ಪರ್ವಾಗಿಲ್ಲ, ತೊಳೆದು ಮೇಲಿನ ಸಿಪ್ಪೆ ಹೆರೆದು ತೆಗೀಬಹುದು. ಎಲೆಗೆ ಆಗಲ್ಲ.

ಅದೇ ವಾರ ಇನ್ನೊಂದು. ಟಿಂಚರಿಗೆ ಸ್ಪಿರಿಟ್ ಬೇಕು ಅಂತ ಒಂದು ಔಷಧಿ ಅಂಗಡೀಲಿ ಕೇಳಿದೆ, ಹೊಟ್ಟೆಗೆ ತಗೊಳೋ ಮದ್ದಿಗೆ ಅಂತಾನೂ ಹೇಳಿದೆ. ಅಂಗಡಿಯವ್ರು ಒಂದು ಬಾಟ್ಲಿ ಕೊಟ್ಟು, ಎಲ್ಲಾ ಒಂದೇ ಮೇಡಂ ಅಂದ್ರು. ಮನೆಗೆ ಬಂದು ಓದಿದ್ರೆ ಸರ್ಜಿಕಲ್ ಸ್ಪಿರಿಟ್, ಹೊರಗೆ ಹಚ್ಚೋಕೆ ಮಾತ್ರ ಅಂತ ಸಣ್ಣಕ್ಷರದಲ್ಲಿ ಬರ್ದಿದೆ. ಇದು ಹೊಟ್ಟೆಗೆ ಹೋಗ್ಬಾರ್ದು. ಯಾವ ಸ್ಪಿರಿಟ್ಟಾದ್ರೂ, ಪೇಂಟ್ ಅಂಗಡೀದಾಗ್ಲಿ ಲ್ಯಾಬಿಂದಾಗ್ಲಿ, ಕುಡಿಯೋಕೆ ಅಂತ ತಯಾರಾಗಿಲ್ದಿದ್ರೆ ಮುಟ್ಬೇಡಿ, ಮೆಥನಾಲ್ ಬೆರೆತಿದ್ರೆ ಕಣ್ಣು ಹೋಗುತ್ತೆ, ಜೀವಾನೂ ಹೋಗುತ್ತೆ. ಆ ಬಾಟ್ಲಿ ಈಗ ಗಾಜು ಒರೆಸೋಕೆ ಬಳಸ್ತಿದೀನಿ, ಬೀರಲ್ಲಿ ಇಟ್ಟಿಲ್ಲ, ಬಚ್ಚಲಲ್ಲಿ ಇದೆ.

ಆಗಸ್ಟ್ 4. ಮೊದಲ್ನೇ ಟಿಂಚರ್

ನಮ್ಮನೆಯವ್ರು ಎಂಎಸ್‌ಐಎಲ್ ಅಂಗಡಿಯಿಂದ ವೋಡ್ಕಾ ತಂದ್ರು, 750 ಮಿಲಿಗೆ 920 ರೂಪಾಯಿ. ಬಾಟ್ಲಿ ಮೇಲೆ 42.8 ಪರ್ಸೆಂಟ್ ಅಂತ ಇರುತ್ತೆ, ನಮ್ಮ ದೇಶದ ವೋಡ್ಕಾ, ರಮ್ಮು, ವಿಸ್ಕಿ ಹೆಚ್ಚಿನದು ಇದೇ ಅಳತೆ. ಬಣ್ಣ, ವಾಸನೆ ಇಲ್ದಿರೋದಕ್ಕೆ ವೋಡ್ಕಾ. ಅತ್ತೆ ಮೊದ್ಲು ಒಪ್ಪಲಿಲ್ಲ, "ಮದ್ದಿಗೆ ಹೆಂಡ ಬೆರೆಸ್ತಾರೇನೇ" ಅಂದ್ರು. ಅರಿಷ್ಟದ ಬಾಟ್ಲಿ ಮೇಲಿನ ಪರ್ಸೆಂಟು ಓದಿ ಹೇಳಿದ್ಮೇಲೆ ಸುಮ್ನಾಗಿ, ದೇವರ ಮನೆ ಗೋಡೆಗೆ ತಾಗಿದ ಬೀರಲ್ಲಿ ಮಾತ್ರ ಇಡ್ಬೇಡ ಅಂದ್ರು. ಆಯ್ತು ಅತ್ತೆ ಅಂದೆ.

ಅಳತೆ: ಒಣ ಸಾಮಾನು ಒಂದು ಪಾಲು ತೂಕ, ವೋಡ್ಕಾ ಐದು ಪಾಲು. 100 ಗ್ರಾಂ ಒಣಶುಂಠಿಗೆ 500 ಮಿಲಿ, 50 ಗ್ರಾಂ ತುಳಸಿಗೆ 250 ಮಿಲಿ, ಒಂದು ಬಾಟ್ಲಿ ಸರಿಯಾಗಿ ಮುಗೀತು. ಗಾಜಿನ ಜಾಡಿ, ಕತ್ತಲೆ ಮೂಲೆ, ದಿನಾ ಒಂದ್ಸಲ ಅಲ್ಲಾಡ್ಸೋದು, ನಾಕು ವಾರ.

ಅತ್ತೆಗೆ ತೂಕ ಅನ್ನೋದೇ ಇಷ್ಟ ಇಲ್ಲ, ಹಿಡಿ, ಬೊಗಸೆ, ಚಿಟಿಕೆ. ಹಂಗಾಗಿ ಅವರ ಕೈಯಿಂದ್ಲೇ ತಕ್ಕಡಿ ಮೇಲೆ ಹಾಕ್ಸಿದೆ. ಒಣ ತುಳಸಿ ಅತ್ತೆಯ ಒಂದು ಹಿಡಿ 9 ಗ್ರಾಂ, ನನ್ನದು 6, ಮಗನದ್ದು 11. ಅತ್ತೆಯ ಚಿಟಿಕೆ ಮಾತ್ರ ಐದು ಸಲ ಹಾಕ್ಸಿದ್ರೂ ಒಂದೇ ಥರ ಬಂತು. ಅವರ ಹಿಡಿ ಅಳತೆ ಎಲ್ಲಾ ಗ್ರಾಮಿಗೆ ತಿರುಗಿಸಿ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡೆ, ಈ ಇಡೀ ಕೆಲ್ಸದಲ್ಲಿ ನಾನು ಮಾಡಿದ ಒಳ್ಳೇದು ಅದೊಂದೇ ಇದ್ರೂ ಸಾಕು ಅನ್ಸುತ್ತೆ.

ಶು-1, ಅಂದ್ರೆ ಶುಂಠಿ ಒಂದ್ನೇದು, ಕೆಡ್ತು. ಬೇಗ ಇಳೀಲಿ ಅಂತ ಮಿಕ್ಸಿಗೆ ಹಾಕಿ ಮೈದಾ ಥರ ನುಣ್ಣಗೆ ಮಾಡಿಬಿಟ್ಟಿದ್ದೆ. ಸೆಪ್ಟೆಂಬರ್ 1ಕ್ಕೆ ಸೋಸಕ್ಕೆ ಕೂತ್ರೆ ಕೆಸರು. ಬಟ್ಟೇಲಿ ಹಿಂಡಿದ್ರೆ ಪುಡಿ ಸಮೇತ ಇಳಿಯುತ್ತೆ, ಎರಡು ಮಡಿಕೆ ಹಾಕಿದ್ರೆ ಇಳಿಯೋದೇ ಇಲ್ಲ. ಮೂರು ದಿನ ಇಟ್ಟು ತಿಳಿ ಬಸಿದು 310 ಮಿಲಿ ಸಿಕ್ತು, ಉಳಿದಿದ್ದು ಕೆಸರಲ್ಲೇ ಹೋಯ್ತು. ಶು-2ಕ್ಕೆ ಕುಟ್ಟಾಣೀಲಿ ಕುಟ್ಟಿ ಉಪ್ಪಿಟ್ಟಿನ ರವೆಗಿಂತ ಸ್ವಲ್ಪ ದಪ್ಪ ತರಿ ಮಾಡ್ದೆ, 415 ಮಿಲಿ ಬಂತು, ಬಣ್ಣ ಬೆಲ್ಲದ ನೀರಿನ ಹಂಗೆ ತಿಳಿ.

ತುಳಸಿ ಮೊದಲ್ನೇ ಸಲಕ್ಕೇ ಚೆನ್ನಾಗಿ ಬಂತು. ಲವಂಗ 40 ಗ್ರಾಂ 200 ಮಿಲಿಗೆ ಇಟ್ಟಿದ್ದು ಹಲ್ಲುನೋವಿಗೆ, ಹತ್ತಿ ಅದ್ದಿ ಇಟ್ಕೊಳೋಕೆ. ಅದರ ಒಂದೆರಡು ಹನಿ ನೀರಿಗೆ ಬಿಟ್ಟು ನೋಡಿ, ಹನಿ ಬಿದ್ದ ಜಾಗದಲ್ಲಿ ಹಾಲು ಕಲಸಿದ ಹಂಗೆ ಬೆಳ್ಳಗೆ ಮಂಕಾಗುತ್ತೆ, ವೋಡ್ಕಾದಲ್ಲಿ ಕರಗಿದ್ದ ಎಣ್ಣೆ ಅಂಶ ನೀರಲ್ಲಿ ಕರಗಲ್ಲ. ನಮ್ಮ ಮಗ ಅದನ್ನ ನೋಡೋಕೇ ದಿನಾ ಕೇಳ್ತಿದ್ದ.

ದೊಡ್ಡಪತ್ರೆಯ ಕತೆ

ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ಮಾಡಿದ್ದು. ಹಿತ್ಲಲ್ಲಿ ರಾಶಿ ದೊಡ್ಡಪತ್ರೆ ಇದೆ, ಮಕ್ಕಳ ಶೀತಕ್ಕೆ ಅತ್ತೆ ಬಾಡಿಸಿ ರಸ ಹಿಂಡಿ ಕೊಡ್ತಾರೆ, ದೊಡ್ಡೋರಿಗೆ ಟಿಂಚರ್ ಮಾಡಿಟ್ರೆ ಬೇಸಿಗೇಲೂ ಇರುತ್ತೆ ಅಂತ ಆಸೆ. ಆಗಸ್ಟ್ 11ಕ್ಕೆ ಹಸಿ ಎಲೆ 300 ಗ್ರಾಂ ಹೆಚ್ಚಿ 300 ಮಿಲಿ ವೋಡ್ಕಾ ಹಾಕಿದೆ. ಮೂರ್ನೇ ವಾರಕ್ಕೆ ಮುಚ್ಚಳ ತೆಗೆದ್ರೆ ಹುಳಿ ವಾಸನೆ, ಮೇಲೆ ತೇಲಿದ್ದ ಎಲೆ ಮೇಲೆ ಬಿಳೀ ಪೊರೆ.

ಯಾಕೆ ಅಂತ ಲೆಕ್ಕ ಹಾಕಿದ್ಮೇಲೆ ಗೊತ್ತಾಯ್ತು. ಆ ಎಲೆ ಮುಕ್ಕಾಲಿಗಿಂತ ಜಾಸ್ತಿ ನೀರೇ. ಪೆಟ್ಟಿಗೇಲಿ ಒಣಗಿಸಿ ನೋಡಿದ್ರೆ 500 ಗ್ರಾಂ ಹೋಗಿ 35 ಗ್ರಾಂ ಆಗುತ್ತೆ. 300 ಗ್ರಾಮಲ್ಲಿ ಸುಮಾರು 280 ಮಿಲಿ ನೀರು, 300 ಮಿಲಿ ವೋಡ್ಕಾದಲ್ಲಿ ಆಲ್ಕೋಹಾಲು 128 ಮಿಲಿ. ಎರಡೂ ಸೇರಿ ಜಾಡೀಲಿ ಇದ್ದಿದ್ದು ಇಪ್ಪತ್ತೆರಡು ಪರ್ಸೆಂಟು ಅಷ್ಟೇ. 42.8 ಹಾಕಿದೀನಿ ಅಂತ ನಾನು ನಿಶ್ಚಿಂತೆಯಾಗಿ ಕೂತಿದ್ದೆ.

ದೊ-2: ಹಸಿ ಎಲೆ 100 ಗ್ರಾಂ, ವೋಡ್ಕಾ 500 ಮಿಲಿ. ಈ ಸಲ 36 ಪರ್ಸೆಂಟ್ ಬರುತ್ತೆ, ಎಲೆ ಮುಳುಗೇ ಇರ್ಲಿ ಅಂತ ಮೇಲೆ ಒಂದು ತೊಳೆದ ಹೊಳೆ ಕಲ್ಲಿಟ್ಟೆ. ಕೆಡ್ಲಿಲ್ಲ. ಆದ್ರೆ ಸಪ್ಪೆ, ಎಲೆ ಹೆಸ್ರು ಹೇಳಿ ಕೊಟ್ರೇನೇ ಗೊತ್ತಾಗೋದು. ಹಸಿ ಎಲೆ ಟಿಂಚರಿಗೆ ನಮಗೆ ಸಿಗೋ ವೋಡ್ಕಾ ಸಾಲಲ್ಲ ಅನ್ನೋದು ನನ್ನ ತೀರ್ಮಾನ, ಗಟ್ಟಿ ಮಾಡಿದ್ರೆ ಕೆಡುತ್ತೆ, ಕೆಡ್ಬಾರ್ದು ಅಂದ್ರೆ ಸಪ್ಪೆ ಆಗುತ್ತೆ. ಒಣಗಿಸಿಯೇ ಹಾಕ್ಬೇಕು.

ಸೆಪ್ಟೆಂಬರ್, ಅಕ್ಟೋಬರ್. ಬಾಟ್ಲಿ ಮತ್ತೆ ಚೀಟಿ

ಕಂದು ಗಾಜಿನ 30 ಮಿಲಿ ಬಾಟ್ಲಿ ನಲವತ್ತು ತರ್ಸಿದೆ, ಡ್ರಾಪರ್ ಸಮೇತ. ಡ್ರಾಪರನ್ನೇ ಮುಚ್ಚಳ ಮಾಡಿ ಇಟ್ಟಿದ್ದು ತಪ್ಪಾಯ್ತು. ಆರು ವಾರಕ್ಕೆ ರಬ್ಬರ್ ಬುರುಡೆ ಅಂಟಂಟಾಗಿ, ಒಂದರಲ್ಲಿ ಒಡೆದು ಕಪ್ಪು ಚೂರು ಲವಂಗದ ಟಿಂಚರಿಗೇ ಬಿದ್ದಿತ್ತು. ಆಲ್ಕೋಹಾಲ್ ಆವಿಗೆ ರಬ್ಬರ್ ತಡೆಯಲ್ಲ. ಈಗ ಎಲ್ಲದಕ್ಕೂ ತಿರುಗಿಸೋ ಮುಚ್ಚಳ, ಡ್ರಾಪರ್ ಐದೇ ಐದು ಬೇರೆ ಡಬ್ಬದಲ್ಲಿದೆ, ಬಳಸಿ ಬಿಸಿನೀರಲ್ಲಿ ತೊಳೆದು ಇಡೋದು.

ಚೀಟಿ ಮೂರು ಸಲ ಬರೆದೆ. ಮೊದ್ಲು ಪರ್ಮನೆಂಟ್ ಮಾರ್ಕರಲ್ಲಿ ಗಾಜಿನ ಮೇಲೇ. ಬಗ್ಗಿಸೋವಾಗ ಒಂದು ಹನಿ ಸೋರಿ ಒರೆಸಿದ್ರೆ ಹೆಸ್ರೂ ಹೋಯ್ತು. ಪರ್ಮನೆಂಟ್ ಅಂತ ಹೆಸ್ರು, ಆದ್ರೆ ಆಲ್ಕೋಹಾಲಿಗೆ ಆ ಇಂಕು ಕರಗುತ್ತೆ. ಏಳು ಬಾಟ್ಲಿ ಹಿಂಗೆ ಹೆಸ್ರು ಕಳ್ಕೊಂಡ್ವು, ಮೇ ತಿಂಗಳಲ್ಲಿ ಏನಾಗಿತ್ತೋ ಮತ್ತೆ ಅದೇ ಜಾಗಕ್ಕೆ ಬಂದು ನಿಂತಿದ್ದೆ, ಆವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಎರಡ್ನೇ ಸಲ ಜೆಲ್ ಪೆನ್ನು, ಗೋಂದು. ಮಳೆ ಥಂಡಿಗೆ ಇಂಕು ಹರಡ್ತು, ಗೋಂದು ಹಾಕಿದ ಚೀಟೀನ ಜಿರಲೆ ಕೆರೆದು ತಿಂತು. ಮೂರ್ನೇದು ನಿಂತಿದೆ: ಬಿಳೀ ಕಾಗ್ದ, ಪೆನ್ಸಿಲ್ಲು, ಮೇಲೆ ಎರಡಿಂಚಿನ ಪಾರದರ್ಶಕ ಟೇಪು ಬಾಟ್ಲಿ ಸುತ್ತ ಪೂರ್ತಿ ಒಂದು ಸುತ್ತು. ಪೆನ್ಸಿಲ್ ಗೆರೆ ವೋಡ್ಕಾಗೂ ಹೋಗಲ್ಲ, ನೀರಿಗೂ ಹೋಗಲ್ಲ. ಒಂದು ಚೀಟಿ ಹಿಂಗಿದೆ:

ಶು-2
ಒಣಶುಂಠಿ, ಗೆಡ್ಡೆ, ತರಿ
100 ಗ್ರಾಂ / 500 ಮಿಲಿ, 42.8%
ಇಟ್ಟಿದ್ದು ಸೆಪ್ಟೆಂಬರ್ 8, ಸೋಸಿದ್ದು ಅಕ್ಟೋಬರ್ 6, 2024
ಮಾವನಿಗೆ ಬೇಡ, ಮಕ್ಕಳಿಗೆ ಬೇಡ

ಕೊನೇ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ. ಯಾವುದಕ್ಕೆ ಒಳ್ಳೇದು ಅಂತ ಅತ್ತೆಗೆ ಬಾಯಿಪಾಠ, ಯಾರಿಗೆ ಕೊಡ್ಬಾರ್ದು ಅನ್ನೋದು ಬಾಟ್ಲಿ ಮೇಲೇ ಇರ್ಬೇಕು. ಅದೇ ನಂಬರು ಮುಚ್ಚಳದ ಮೇಲೂ ಇದೆ, ನೋಟ್‌ಬುಕ್ಕಲ್ಲೂ ಇದೆ.

ಆದ್ರೆ ಅತ್ತೆಗೆ ಪೆನ್ಸಿಲ್ ಅಕ್ಷರ ಕಾಣಲ್ಲ. ದಾರದ ಐಡಿಯಾ ಅವರದ್ದೇ. ಕುತ್ತಿಗೆಗೆ ಕೆಂಪು ದಾರ ಅಂದ್ರೆ ಹೊಟ್ಟೆಗಲ್ಲ, ಹಚ್ಚೋಕೆ ಮಾತ್ರ. ಬಿಳೀ ದಾರ ಅಂದ್ರೆ ಹೊಟ್ಟೆಗೆ. ಬಿಳೀ ದಾರದಲ್ಲಿ ಗಂಟು: ಒಂದು ಗಂಟು ಶುಂಠಿ, ಎರಡು ತುಳಸಿ, ಮೂರು ಆಡುಸೋಗೆ. ಕರೆಂಟ್ ಹೋದಾಗ ಕತ್ತಲೇಲಿ ಬೆರಳಲ್ಲಿ ಮುಟ್ಟೇ ಹೇಳ್ತಾರೆ, ನಾನು ಮೂರು ಸಲ ಪರೀಕ್ಷೆ ಮಾಡಿದೀನಿ, ಒಂದೂ ತಪ್ಪಿಲ್ಲ.

ಅಕ್ಟೋಬರ್ 20. ಬೀರಿನ ಜಾಗ

ಬೀರು ಇದ್ದಿದ್ದು ಪಡುವಣ ಗೋಡೆಗೆ, ಮಳೆ ಹೊಡೆಯೋದೇ ಆ ಕಡೆಯಿಂದ. ಒಳಗೆ ಮೀಟ್ರು ಇಟ್ಟು ಒಂದು ವಾರ ಬರ್ಕೊಂಡೆ, ತೇವಾಂಶ 84ರಿಂದ 88. ಡಬ್ಬ ಬದಲಾಯಿಸಿ ಏನ್ ಪ್ರಯೋಜನ. ಅಡಿಗೆಮನೆ ಒಲೆ ಗೋಡೆಯ ಆಚೆ ಬದಿಗೆ, ಅಂದ್ರೆ ನಡುಮನೆ ಕಡೆಗೆ ತಂದು, ಗೋಡೆಯಿಂದ ನಾಕು ಬೆರಳು ದೂರ, ಕೆಳಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ವಿ. ಈಗ 62ರ ಹತ್ರ. ಅಲ್ಲಿ ಸ್ವಲ್ಪ ಬೆಚ್ಚಗೆ, ಒಲೆ ಉರಿಯೋವಾಗ 34 ಡಿಗ್ರಿ ಹೋಗುತ್ತೆ, ಹಂಗಾಗಿ ಒಣ ಸಾಮಾನು ಮಾತ್ರ ಅಲ್ಲಿ, ಟಿಂಚರ್ ಬಾಟ್ಲಿಗಳು ನಮ್ಮ ಮಲಗೋ ಕೋಣೆ ಮರದ ಪೆಟ್ಟಿಗೇಲಿ, ಬೀಗ ಹಾಕಿ. ಸಿಲಿಕಾ ಜೆಲ್ ಒಂದು ಕೆಜಿ ತಂದೆ. ಮೊದ್ಲು ನೀಲಿ ಹರಳಿನದ್ದು ತಂದಿದ್ದೆ, ಆ ನೀಲಿ ಬಣ್ಣಕ್ಕೆ ಕೋಬಾಲ್ಟ್ ಕ್ಲೋರೈಡ್ ಹಾಕಿರ್ತಾರೆ, ಅದು ವಿಷ, ಕೊಟ್ಟು ಕಿತ್ತಳೆ ಬಣ್ಣದ್ದು ತಂದೆ. ಅದನ್ನೂ ಬಟ್ಟೆ ಚೀಲಕ್ಕೆ ಕಟ್ಟಿ ಬೀರಿನ ಮೂಲೇಲಿ ಇಟ್ಟಿರೋದು, ಡಬ್ಬದ ಒಳಗಲ್ಲ.

ನವೆಂಬರ್ 17. ಕಾಫಿ ಫಿಲ್ಟರ್

ಇದು ತಾನಾಗಿ ಹೊಳೆದಿದ್ದು, ಬೆಳಿಗ್ಗೆ ಡಿಕಾಕ್ಷನ್ ಇಳಿಯೋದನ್ನ ನೋಡ್ತಾ. ನಾಕು ವಾರ ನೆನೆಸೋ ಬದ್ಲು ಸ್ಟೀಲ್ ಫಿಲ್ಟರಲ್ಲೇ ಇಳಿಸಿದ್ರೆ? ಮನೇಲಿ ಬಿದ್ದಿದ್ದ ದೊಡ್ಡ ಫಿಲ್ಟರ್ ತಗೊಂಡು 60 ಗ್ರಾಂ ಶುಂಠಿ ತರಿಯನ್ನ ಮೊದ್ಲು ಒಂದಿಷ್ಟು ವೋಡ್ಕಾ ಚಿಮುಕಿಸಿ ನಾಕು ತಾಸು ನೆನೆಯೋಕೆ ಬಿಟ್ಟೆ, ಉಬ್ಬಿಕೊಳ್ಳುತ್ತೆ. ಆಮೇಲೆ ಫಿಲ್ಟರಿಗೆ ತುಂಬಿ ಕಾಫಿ ಪುಡಿ ಹಂಗೇ ಮೆತ್ತಗೆ ಅದುಮಿ, ಒಟ್ಟು 300 ಮಿಲಿಯಲ್ಲಿ ಉಳಿದಿದ್ದನ್ನ ಸ್ವಲ್ಪ ಸ್ವಲ್ಪವೇ ಹುಯ್ದೆ. ಒಣಗಿರೋದನ್ನೇ ನೇರ ತುಂಬಿದ್ರೆ ಒಳಗೇ ಉಬ್ಬಿ ಬಿಗಿದು ಒಂದು ಹನೀನೂ ಇಳಿಯಲ್ಲ, ಅದನ್ನೂ ಒಂದ್ಸಲ ಮಾಡಿ ನೋಡಿದೀನಿ. ಮೊದ್ಲು ಇಳಿದ ಹನಿ ಕಡು ಜೇನಿನ ಬಣ್ಣ, ಕೊನೆಗೆ ತಿಳಿ ಚಹಾ ಥರ. ಮಾರನೇ ದಿನ ಬೆಳಿಗ್ಗೆಗೆ 240 ಮಿಲಿ, ಒಂದು ಚೂರೂ ಗಷ್ಟು ಇಲ್ಲ. ಶು-2 ಮತ್ತೆ ಇದನ್ನ ಅತ್ತೆ ಮುಂದಿಟ್ಟು ಯಾವುದು ಖಾರ ಅಂತ ಕೇಳಿದ್ರೆ ಇದನ್ನೇ ತೋರ್ಸಿದ್ರು. ಆ ಫಿಲ್ಟರ್ ಈಗ ಮದ್ದಿಗೇ ಮೀಸಲು, ಕಾಫಿಗಲ್ಲ ಅನ್ನೋ ಗುರುತಿಗೆ ಕೆಂಪು ದಾರ ಕಟ್ಟಿ ಇಟ್ಟಿದೀನಿ.

ಖರ್ಚು

ವೋಡ್ಕಾ ನಾಕು ಬಾಟ್ಲಿ 3,680. ಕಂದು ಬಾಟ್ಲಿ ನಲವತ್ತಕ್ಕೆ 640, ಗಾಜಿನ ಜಾಡಿ ಇಪ್ಪತ್ತಕ್ಕೆ 900. ತೇವಾಂಶದ ಮೀಟ್ರು ಎರಡು 640. ಬಲ್ಬು ಹೋಲ್ಡರ್ 130, ಅಡಾಪ್ಟರ್ 180, ಪ್ಲೈವುಡ್ ಜಾಲರಿ ಸ್ಕ್ರೂ 740. ತಕ್ಕಡಿ 450, ಸಿಲಿಕಾ ಜೆಲ್ 280, ಟೇಪು ಕಾಗ್ದ 160. ಒಟ್ಟು 7,800. ಗ್ರಂಧಿಗೆ ಅಂಗಡಿ ಸಾಮಾನು ಇದರಲ್ಲಿ ಸೇರಿಲ್ಲ. ಹಾಳಾಗಿದ್ದು ಲೆಕ್ಕ ಹಾಕಿದ್ರೆ ವೋಡ್ಕಾದಲ್ಲೇ ಸುಮಾರು ಒಂದು ಬಾಟ್ಲಿ ಪೂರ್ತಿ ಹೋಗಿದೆ, ಶು-1ರ ಕೆಸರು, ದೊಡ್ಡಪತ್ರೆ ಎಲ್ಲಾ ಸೇರಿ.

ಇಷ್ಟು ಮಾಡಿದ್ಮೇಲೂ ಮನೇಲಿ ಜಾಸ್ತಿ ಬಳಸೋದು ಕಷಾಯಾನೇ. ಟಿಂಚರ್ ಅರ್ಧ ಲೋಟ ಬಿಸಿನೀರಿಗೆ ಇಪ್ಪತ್ತು ಹನಿ, ಅದೂ ನಾನು, ನಮ್ಮನೆಯವ್ರು, ಅತ್ತೆ ಮೂರೇ ಜನ. ಜ್ವರ ಎರಡು ದಿನ ದಾಟಿದ್ರೆ ಬೀರು ತೆಗೆಯಲ್ಲ, ಆಸ್ಪತ್ರೆಗೇ. ಡಾಕ್ಟ್ರು ಮೆಟ್ರೊನಿಡಜೋಲ್ ಬರೆದಿದ್ರೆ ಟಿಂಚರ್ ಒಂದು ಹನಿಯೂ ಇಲ್ಲ, ಆ ಮಾತ್ರೆ ಜೊತೆ ಆಲ್ಕೋಹಾಲ್ ಬೇಡ ಅಂತ ಡಾಕ್ಟ್ರೇ ಹೇಳಿದಾರೆ, ಪೆಟ್ಟಿಗೆ ಮುಚ್ಚಳದ ಒಳಗೆ ಬರೆದು ಅಂಟಿಸಿದೀನಿ.

ಜನವರಿ 12, 2025

ಕಾಫಿ ಕುಯ್ಲು ನಡೀತಿದೆ, ಕಣದ ತುಂಬ ಹಣ್ಣು ಹರಡಿದೆ, ಬಿಸ್ಲು ಚೆನ್ನಾಗಿದೆ, ಪೆಟ್ಟಿಗೆ ಆನ್ ಮಾಡೋ ಅಗತ್ಯಾನೇ ಬಂದಿಲ್ಲ. ಕಣದ ಮೂಲೇಲಿ ನೆರಳಿಗೆ ಬಿಳೀ ಪಂಚೆ ಮೇಲೆ ದೊಡ್ಡಪತ್ರೆ ಬಾಡಿಸಿ, ಕೊನೆಗೆ ಎರಡು ದಿನ ಪೆಟ್ಟಿಗೇಲಿ ಬಲ್ಬಿಲ್ದೆ ಬರೀ ಫ್ಯಾನ್ ಹಾಕಿ 52 ಗ್ರಾಂ ಮಾಡ್ಕೊಂಡಿದೀನಿ. 260 ಮಿಲಿ ವೋಡ್ಕಾದಲ್ಲಿ ಇವತ್ತು ಬೆಳಿಗ್ಗೆ ಇಟ್ಟೆ. ನಂಬರ್ ದೊ-3, ಬಿಳೀ ದಾರ, ನಾಕು ಗಂಟು, ಗಂಟು ಅತ್ತೆನೇ ಹಾಕಿದ್ದು. ಸೋಸೋದು ಫೆಬ್ರವರಿ 9ಕ್ಕೆ.